ಮೂಗಿಗೆ ಬಿಟ್ಟ ಅರ್ಧ ಇಂಚು

ನನ್ನ ಸೋದರಮಾವನ ಎದುರು ಕುರ್ಚಿ ಹಾಕಿಕೊಂಡು ಕೂರುವ ಧೈರ್ಯ ಇಡೀ ಹಲಸೂರಿನಲ್ಲಿ ಯಾರಿಗೂ ಉಳಿದಿಲ್ಲ. ಯಾಕೆ ಅಂತೀರಾ? ಕೂತವರ ಮೂಗಿಗೆ ಟೇಪು ಹಿಡಿಯುತ್ತಾರೆ!

ಮಾವ ಟೈಲರ್. ಶಿವಾಜಿನಗರದ ಗಲ್ಲಿಯೊಂದರಲ್ಲಿ ನಲವತ್ತು ವರ್ಷ ಪ್ಯಾಂಟು, ಶರ್ಟು ಹೊಲಿದವರು. ಈ ಮಳೆಗಾಲದಲ್ಲಿ ಇದ್ದಕ್ಕಿದ್ದಂತೆ ಒಂದು ಡಬ್ಬಿ ವ್ಯಾಕ್ಸ್ ಪೇಸ್ಟಲ್ ತಂದು, "ಇನ್ಮೇಲೆ ನಾನು ಮುಖ ಬರೀತೀನಿ" ಎಂದು ಘೋಷಿಸಿದರು. ಹೆಬ್ಬೆರಳ ಗಾತ್ರದ ಮೇಣದ ಬಣ್ಣದ ಕಡ್ಡಿಗಳು. ಪೆನ್ಸಿಲ್ಲಿನಲ್ಲಿ ಶುರುಮಾಡಬಾರದೇ ಎಂದೆ. "ತೆಳ್ಳಗಿನ ಗೆರೆ ಹೇಡಿಗಳು ಎಳೆಯೋದು ಕಣೇ!"

ಎಲ್ಲವನ್ನೂ ಲೆಕ್ಕ ಹಾಕಿ ಡೈರಿಯಲ್ಲಿ ಬರೆದಿಡುವುದು ನನ್ನ ಚಟ. ಮಾವನ ಕಲೆಗೂ ಒಂದು ಪುಟ ಕೊಟ್ಟೆ. ಯಾವ ಭಾನುವಾರ, ಕೂತವರು ಯಾರು, ಕುರ್ಚಿ ಎಷ್ಟು ದೂರ, ಹೋಲಿಕೆ ಎಷ್ಟು.

ಮೊದಲ ಭಾನುವಾರ ಅತ್ತೆ. ಕುರ್ಚಿ ನಾಲ್ಕಡಿ ದೂರ. ಮಾವ ಹಣೆ ಅಳೆದರು, ಗಲ್ಲ ಅಳೆದರು, ಅಳತೆ ಪುಸ್ತಕದಲ್ಲಿ ಗೀಚಿಕೊಂಡರು. ಚಿತ್ರದಲ್ಲಿ ಮೂಗು ಮಾತ್ರ ಬದನೆಕಾಯಿ!

"ಏನ್ರೀ ಇದು? ನನ್ ಮೂಗು ಇಷ್ಟುದ್ದ ಯಾವಾಗಾಯ್ತು?"

"ಹೊಲಿಗೆಗೆ ಅಂತ ಅರ್ಧ ಇಂಚು ಬಿಟ್ಟಿದೀನಿ. ಮುಂದೆ ಬಿಗಿಯಾದ್ರೆ ಬಿಚ್ಕೋಬಹುದು."

ಹೋಲಿಕೆ ಸೊನ್ನೆ. ಆ ಮಧ್ಯಾಹ್ನ ಮಾವನ ತಟ್ಟೆಗೆ ಬಿದ್ದ ಹುಳಿಯಲ್ಲೂ ಅರ್ಧ ಸೌಟು ಕಡಿಮೆ.

ಮೂರನೆಯ ಭಾನುವಾರ ಗುಂಡಿ ಅಂಗಡಿಯ ಭಾಯಿ ಸಿಕ್ಕಿಬಿದ್ದರು. ಕುರ್ಚಿ ಎರಡೂವರೆ ಅಡಿ. ಅವರದು ಮೆಹಂದಿ ಹಚ್ಚಿದ ಕೆಂಪು ಗಡ್ಡ. ಮಾವ ಒಂದಿಡೀ ಕಿತ್ತಳೆ ಕಡ್ಡಿಯನ್ನು ಅದಕ್ಕೇ ಸವೆಸಿದರು. ಚಿತ್ರ ನಿಜಕ್ಕೂ ಪರವಾಗಿಲ್ಲ ಎನ್ನುವಂತಿತ್ತು. ಆದರೆ ಮಾವ ಅದನ್ನು ಹಾಗೇ ಕೊಟ್ಟಾರೆಯೇ?

"ಇಸ್ತ್ರಿ ಹಾಕ್ದೆ ಗಿರಾಕಿಗೆ ಮಾಲು ಕೊಡೋದುಂಟಾ?"

ನಾನು "ಮಾವ, ಮೇಣ!" ಎಂದು ಕಿರುಚುವಷ್ಟರಲ್ಲಿ ಗಡ್ಡ ಕರಗಿ ಇಸ್ತ್ರಿಪೆಟ್ಟಿಗೆಗೆ ಅಂಟಿತ್ತು. ಅಲ್ಲಿಂದ, ಇಸ್ತ್ರಿಗೆಂದು ಇಟ್ಟಿದ್ದ ಯಾರದೋ ಬಿಳಿ ಶರ್ಟಿನ ಬೆನ್ನಿಗೆ ಇಳಿಯಿತು.

"ಅರೇ ಮಾಸ್ಟರ್, ನಂದು ಗಡ್ಡ ಬೇರೆಯವ್ರ ಬೆನ್ನಿಗೆ ಯಾಕೆ ಕೊಟ್ರಿ?" ಎಂದರು ಭಾಯಿ.

ಮೊನ್ನೆಯ ಹೊತ್ತಿಗೆ ಮುಖಗಳು ಒಂಬತ್ತು. ಕರಗಿಹೋದ ಗಡ್ಡ ಬಿಟ್ಟರೆ ಹೋಲಿಕೆ ಸೊನ್ನೆ. ಹಾಳಾದ ಶರ್ಟು ಒಂದು. ಟೇಪು ಕಂಡೊಡನೆ ಓಡಿದವರು ಏಳು ಜನ! ಡೈರಿ ತಿರುವಿ ಹಾಕುತ್ತಾ ನಾನೇ ಚುಡಾಯಿಸಿದೆ, "ಮಾವ, ಕುರ್ಚಿ ಒಂದಡಿಗೆ ಬಂದ್ಬಿಟ್ಟಿದೆ. ಮುಂದಿನ ವಾರ ತೊಡೆ ಮೇಲೇ ಕೂರಿಸ್ಕೋತೀರಾ?"

ಮಾವ ನಕ್ಕರು. ಅತ್ತೆ ನಗಲಿಲ್ಲ. ನನ್ನನ್ನು ಅಡುಗೆಮನೆಗೆ ಕರೆದರು.

"ಆರು ತಿಂಗಳಿಂದ ಇವರ ಸೂಜಿಗೆ ದಾರ ಪೋಣಿಸ್ತಿರೋಳು ನಾನು. ಹೋದ ದೃಷ್ಟಿ ವಾಪಸ್ ಬರಲ್ಲ, ಇರೋದೂ ಎಷ್ಟು ದಿನವೋ ಅಂದಿದಾರೆ ಡಾಕ್ಟ್ರು. ಕಾಣೋವಾಗ್ಲೇ ಎಲ್ಲರ ಮುಖ ಅಳತೆ ತಗೊಂಡು ಇಟ್ಕೋಬೇಕಂತೆ ಇವರಿಗೆ."

ಡೈರಿ ನನ್ನ ಕೈಯಲ್ಲೇ ಇತ್ತು. ನಾಲ್ಕಡಿ. ಎರಡೂವರೆ. ಒಂದು. ಎಲ್ಲ ನನ್ನದೇ ಅಕ್ಷರ. ಬರೆದಿದ್ದೆ, ಓದಿರಲಿಲ್ಲ.

ಹೊರಗೆ ಬಂದು ಕುರ್ಚಿ ಎಳೆದುಕೊಂಡೆ. ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ.

"ಬಂದ್ಯಾ? ನಿಂದೊಂದೇ ಬಾಕಿ ಇತ್ತು" ಎಂದರು ಮಾವ. ಟೇಪು ಹಣೆಗೆ ಬಂತು. ಅದರ ಹಿಂದೆಯೇ ಅವರ ಬೆರಳು ಹುಬ್ಬು, ಕೆನ್ನೆ ಸವರುತ್ತಾ ಮೂಗಿಗೆ ಇಳಿಯಿತು.

"ಮಾವ, ಅರ್ಧ ಇಂಚು ಬಿಡೋದು ಮರೀಬೇಡಿ."

"ನಿಂಗೆ ಒಂದಿಂಚು ಬಿಡ್ತೀನಿ ಕಣೇ" ಎಂದರು. "ನೀನಿನ್ನೂ ಬೆಳೆಯೋಳು."