ಮೂರು ಮುಚ್ಚಳಗಳ ಪರೀಕ್ಷೆ

ಪೈಲಟ್ ಅಂತ ಎಲ್ಲರೂ ಕರೆಯುತ್ತಿದ್ದ ಆ ಮನುಷ್ಯ ಜನ್ಮದಲ್ಲಿ ವಿಮಾನ ಹತ್ತಿದವನಲ್ಲ. ವಿಮಾ ಕಚೇರಿಯಲ್ಲಿ ಟಪಾಲು ಗುಮಾಸ್ತ. ಮನೆಯ ಹಿಂದಿನ ಕೋಣೆಯಲ್ಲಿ ಕೂತು ಮೊಳದುದ್ದದ ವಿಮಾನಗಳನ್ನು ಕಟ್ಟಿ, ಬಣ್ಣ ಬಳಿದು, ಪುಟ್ಟ ಎಂಜಿನ್ ಕೂರಿಸಿ ಮೈದಾನದಲ್ಲಿ ಹಾರಿಸುವ ಹುಚ್ಚಿನಿಂದ ಆ ಹೆಸರು ಅಂಟಿಕೊಂಡಿತ್ತು. ಹೆಸರೇನೋ ಅಂಟಿತು, ಬಣ್ಣ ಮಾತ್ರ ಅಂಟುತ್ತಿರಲಿಲ್ಲ. ಸ್ಪಿರಿಟ್ಟು, ಹರಳೆಣ್ಣೆ ಬೆರೆಸಿದ ಇಂಧನ ಎಂಜಿನ್ನಿನಿಂದ ಹಿಂದಕ್ಕೆ ಸಿಡಿದು, ಎರಡು ಸುತ್ತು ಹಾರುವಷ್ಟರಲ್ಲಿ ರೆಕ್ಕೆಯ ಕೆಂಪೆಲ್ಲ ಕಿತ್ತು ಬರುತ್ತಿತ್ತು. ಬಣ್ಣ ಕಾಣುವಂತೆಯೂ ಇರಬೇಕು, ಇಂಧನಕ್ಕೆ ಜಗ್ಗಲೂಬಾರದು, ಅಂಥ ವಾರ್ನಿಶ್ ಒಂದು ಮೇಲೆ ಬಳಿಯಬೇಕಿತ್ತು. ಅದು ಯಾವುದು ಅನ್ನುವುದೇ ಪ್ರಶ್ನೆ.

ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೆ ಒಳ್ಳೆಯದಿತ್ತು. ಬಾಯಿ ಬಿಟ್ಟು ಕೇಳಿದ. ಊರಿನ ಪುಟ್ಟ ವಿಮಾನಗಳ ಪಂದ್ಯದ ದಿನ ಬೆಳಿಗ್ಗೆ ಏಳಕ್ಕೇ ಮೂವರು ಬಾಗಿಲಲ್ಲಿ ನಿಂತಿದ್ದರು.

"ಅರಗಿನ ಪಾಲಿಶ್ ಹೊಡಿ. ನಾನು ಮಾಡಿದ ಕುರ್ಚಿ ಮೂವತ್ತು ವರ್ಷದಿಂದ ಹೊಳೀತಾ ಇದೆ," ಅಂದ ಎದುರುಮನೆ ಬಡಗಿ.

"ಕುರ್ಚಿ ಹಾರತ್ತೇನ್ರೀ?" ಅಂದರು ಮಹಡಿ ಮೇಲಿನ ಅತ್ತಿಗೆ. "ನನ್ನ ಬಣ್ಣವಿಲ್ಲದ ನೇಲ್ ಪಾಲಿಶ್ ತಗೋ ಮೈದುನಾ. ದಿನಾ ಪಾತ್ರೆ ತೊಳೆದ್ರೂ ಹೋಗಲ್ಲ."

"ಎರಡು ಶೀಸೆ ಬೆರೆಸೋ ಮಾಲು ಇದು," ಅಂದ ಹಾರ್ಡ್‌ವೇರ್ ಅಂಗಡಿಯವನು. "ದೋಣಿಗೆ ಬಳೀತಾರೆ."

ಯಾರಿಗೂ 'ಬೇಡ' ಅನ್ನಲು ಪೈಲಟ್‌ಗೆ ಬಾಯಿ ಬರುತ್ತಿರಲಿಲ್ಲ. ಮನೆಯಲ್ಲೇ ಇದ್ದ ಮಾವನವರ ಖಾಲಿ ಪೆಪ್ಪರಮೆಂಟ್ ಡಬ್ಬಿಗಳ ಮೂರು ಮುಚ್ಚಳ ತಂದು, ವಿಮಾನದ ಕೆಂಪು ಬಣ್ಣ ಬಳಿದು ಒಣಗಿಸಿ, ಒಂದೊಂದಕ್ಕೆ ಒಂದೊಂದು ವಾರ್ನಿಶ್ ಹಚ್ಚಿದ. ಅದು ಕೊಂಚ ಆರಿದ ಮೇಲೆ ಕಚೇರಿಯ ಪೆನ್ನಿನಲ್ಲಿ ಒಂದು, ಎರಡು, ಮೂರು ಅಂತ ಬರೆದ. ಯಾವ ನಂಬರು ಯಾರದ್ದು ಎಂಬ ಪಟ್ಟಿ ಮಾಡಿ ಜೇಬಿನಲ್ಲಿಟ್ಟುಕೊಂಡ. ಗುಮಾಸ್ತ ಅಂದರೆ ಗುಮಾಸ್ತ.

ಅಷ್ಟರಲ್ಲಿ ಮಾವನವರು ಅಳತೆ ಟೇಪು ಹಿಡಿದು ಕೋಣೆಗೆ ಬಂದರು. ಪೆಪ್ಪರಮೆಂಟ್ ಡಬ್ಬಿ ತೆರೆದು ಮೇಜಿನ ಮೇಲಿಟ್ಟು, ಒಂದನ್ನು ಬಾಯಿಗೆ ಹಾಕಿಕೊಂಡು ಗೋಡೆಯಿಂದ ಗೋಡೆಗೆ ಅಳೆದರು.

"ನನ್ನ ಮಂಚ ಇಲ್ಲಿ ಸರಿಯಾಗಿ ಕೂರತ್ತೆ ಅಳಿಯಂದ್ರೇ."

"ಮಾವ, ಇವತ್ತೂ ಬಣ್ಣ ಕಿತ್ತು ಬಂದ್ರೆ ತಾನೇ ಕೋಣೆ ನಿಮ್ಮದು ಅಂದಿದ್ದು?"

"ಅದಕ್ಕೇ ಅಳೀತಾ ಇರೋದು," ಅಂದು ಡಬ್ಬಿ ಮುಚ್ಚಿಕೊಂಡು ಹೊರಟರು.

ಆ ಕೋಣೆ ಬಿಟ್ಟರೆ ಪೈಲಟ್‌ಗೆ ತನ್ನದು ಅಂತ ಒಂದು ಮೂಲೆಯೂ ಇರಲಿಲ್ಲ.

ಹನ್ನೆರಡೂವರೆಗೆ ಮೂವರೂ ಫಲಿತಾಂಶ ನೋಡಲು ಬಂದರು. ಪೈಲಟ್ ಕನ್ನಡಕ ಹುಡುಕುವಷ್ಟರಲ್ಲಿ ಅತ್ತಿಗೆ ಇಂಧನದ ಶೀಸೆಯನ್ನೇ ಎತ್ತಿ ಮೂರೂ ಮುಚ್ಚಳಕ್ಕೆ ಅಭಿಷೇಕ ಮಾಡಿಯಾಗಿತ್ತು. ಐದು ನಿಮಿಷ ಬಿಟ್ಟು ಒರೆಸಿದರೆ ಎರಡು ಮುಚ್ಚಳಗಳ ಬಣ್ಣ ಬಟ್ಟೆಗೆ ಬಂತು. ಉಳಿದ ಒಂದು ಕನ್ನಡಿಯ ಹಾಗೆ ಹೊಳೆಯಿತು!

"ಗೆದ್ದೆ!" ಅಂತ ಪೈಲಟ್ ಕುಣಿದು, ನಂಬರು ನೋಡಲು ಬಗ್ಗಿದ. ಮಸಿ ಇಂಧನದಲ್ಲಿ ತೊಳೆದುಹೋಗಿರಬೇಕು, ನಂಬರು ಯಾವುದರಲ್ಲೂ ಇರಲಿಲ್ಲ. ಪಟ್ಟಿ ಮಾತ್ರ ಜೇಬಿನಲ್ಲಿ ಭದ್ರವಾಗಿತ್ತು.

"ಅದು ನಂದೇ!" ಅಂದ ಬಡಗಿ. "ನನ್ನ ಹೊಳಪು ನಂಗೆ ಗೊತ್ತಿಲ್ವಾ?" ಅಂದರು ಅತ್ತಿಗೆ. ಅಂಗಡಿಯವನು ಮುಚ್ಚಳವನ್ನು ಮೂಸಿ, "ದೋಣಿ ವಾಸನೆ," ಅಂದ.

ಮತ್ತೆ ಪರೀಕ್ಷೆ ಮಾಡಿ ಒಣಗಿಸುವಷ್ಟು ಹೊತ್ತಿರಲಿಲ್ಲ, ನಾಲ್ಕಕ್ಕೆ ಪಂದ್ಯ. ಒಬ್ಬರದನ್ನು ಆರಿಸಿದರೆ ಇಬ್ಬರು ಮುನಿಸಿಕೊಳ್ಳುತ್ತಾರೆ. ಪೈಲಟ್ ಮೂವರ ಮುಖವನ್ನೂ ನೋಡಿ, ಮೂರನ್ನೂ ಒಂದೇ ಬಟ್ಟಲಿಗೆ ಸುರಿದು ಕಲಸಿದ. ಅದು ಒಡೆದ ಹಾಲಿನಂತಾಯಿತು. ಕಣ್ಣು ಮುಚ್ಚಿ ವಿಮಾನಕ್ಕೆ ಬಳಿದ.

ಮೈದಾನದಲ್ಲಿ ವಿಮಾನ ಎದ್ದಿತು, ಚೆನ್ನಾಗಿಯೇ ಎದ್ದಿತು. ಒಂದು ಸುತ್ತು ಮುಗಿಯುವಷ್ಟರಲ್ಲಿ ತೀರ್ಪುಗಾರರ ಬಿಳಿ ಅಂಗಿಯ ಮೇಲೆ ಕೆಂಪು ಹನಿ ಬಿದ್ದವು. ಎರಡನೇ ಸುತ್ತಿಗೆ ವಿಮಾನ ಬೋಳಾಗಿತ್ತು, ತೀರ್ಪುಗಾರರು ಕೆಂಪಾಗಿದ್ದರು. ಮುಂದಿನ ಸಾಲಿನಲ್ಲಿದ್ದ ಮಾವನವರು ಎದ್ದು, ಮಂಚ ಸಾಗಿಸಲು ಮನೆಗೆ ನಡೆದರು.

ಸಂಜೆ ಪೈಲಟ್ ಸೋರುವ ವಿಮಾನವನ್ನು ಎದೆಗವಚಿಕೊಂಡು ಬಂದಾಗ ಕೋಣೆಯಲ್ಲಿ ಮಂಚ ಬಿದ್ದಿತ್ತು. ಅದರ ಮೇಲೆ ಮಾವನವರು ಡಬ್ಬಿಯೊಡನೆ ಗುದ್ದಾಡುತ್ತಿದ್ದರು.

"ಅಳಿಯಂದ್ರೇ, ಇದನ್ನ ಸ್ವಲ್ಪ ತೆಗೀರಿ. ನಿಮ್ಮ ಮೇಜಿನಿಂದ ಮುಚ್ಕೊಂಡು ಹೋದೆ ನೋಡಿ, ಅವಾಗಿಂದ ಕಚ್ಕೊಂಡು ಕೂತಿದೆ. ಬಾಯೆಲ್ಲಾ ಒಣಗಿಹೋಯ್ತು."

ಇಂಧನದಲ್ಲಿ ತೊಯ್ದ ಕೈಯಲ್ಲೇ ಪೈಲಟ್ ಡಬ್ಬಿ ಹಿಡಿದು, ಹೆಬ್ಬೆರಳು ಊರಿ ಬಲವಾಗಿ ತಿರುವಿದ. ಟಪ್ ಅಂತ ಬಂತು. ನೋಡುತ್ತಾನೆ, ತಾನೇ ಬಣ್ಣ ಬಳಿದ ಮುಚ್ಚಳ! ಹಾಗಾದರೆ ಮೇಜಿನ ಮೇಲೆ ಹೊಳೆದದ್ದು ಕಾರ್ಖಾನೆಯಿಂದಲೇ ಕೆಂಪಾಗಿ ಬಂದ ಮಾವನವರ ಮುಚ್ಚಳ. ಇದಕ್ಕೋ, ಇಷ್ಟು ಇಂಧನ ತಾಗಿದರೂ ಬಣ್ಣ ಕೂದಲಷ್ಟೂ ಕದಲಿರಲಿಲ್ಲ. ಮೂವರಲ್ಲಿ ಒಬ್ಬರ ವಾರ್ನಿಶ್ ನಿಜಕ್ಕೂ ಗೆದ್ದಿತ್ತು!

ಪಟ್ಟಿ ಬಿಚ್ಚಿ ನಂಬರು ಹುಡುಕಿದ. ಹೆಬ್ಬೆರಳು ಊರಿದ್ದ ಜಾಗದಲ್ಲಿ ಒಂದಿಷ್ಟು ಮಸಿ ಇತ್ತು. ಉಳಿದದ್ದು ಅವನ ಹೆಬ್ಬೆರಳಲ್ಲಿತ್ತು.

"ಮಾವ, ಇದರ ಮೇಲೆ ಒಂದು ನಂಬರಿತ್ತಲ್ಲ, ಯಾವುದು ಹೇಳಿ!"

"ಇತ್ತಪ್ಪಾ. ಬೆಳಿಗ್ಗೆಯಿಂದ ಅದನ್ನೇ ನೋಡ್ತಾ ಇದ್ದೆ."

"ಯಾವುದು?"

"ಕನ್ನಡಕ ಹಾಕ್ಕೊಂಡಿರ್ಲಿಲ್ಲ," ಅಂದರು ಮಾವನವರು. ಆಮೇಲೆ ಅಳಿಯನ ಮುಖ ನೋಡಿ ಪಾಪ ಅನ್ನಿಸಿ ಡಬ್ಬಿ ಮುಂದೆ ಹಿಡಿದರು. "ಹೋಗ್ಲಿ ಬಿಡಿ, ಒಂದು ಪೆಪ್ಪರಮೆಂಟ್ ತಗೊಳ್ಳಿ."

ಪೈಲಟ್‌ಗೆ ಬೇಡ ಅನ್ನಲಾಗಲಿಲ್ಲ. ತಗೊಂಡ.