ಮುಂದಕ್ಕೆ ಐವತ್ನಾಲ್ಕು, ಹಿಂದಕ್ಕೆ ನಲವತ್ತಾರು

ಊರಿನ ಬಸ್ಸುಗಳು ನಿಲ್ಲಬೇಕಾದ ಕಡೆ ನಿಲ್ಲುವುದು ತಮ್ಮಿಂದಲೇ ಎಂಬುದು ಬ್ರೇಕ್ ಮೇಸ್ತ್ರಿಗಳ ನಂಬಿಕೆ. (ನಿಲ್ಲಬಾರದ ಕಡೆ ನಿಲ್ಲುವುದು ಎಂಜಿನ್ ವಿಭಾಗದವರಿಂದ.) ಡಿಪೋದಲ್ಲಿ ಇಪ್ಪತ್ತಾರು ವರ್ಷ ಬ್ರೇಕನ್ನೇ ನೋಡಿಕೊಂಡ ಇಂಥ ಮನುಷ್ಯನನ್ನು ಹೆಂಡತಿಯ ತಮ್ಮ ಸತತ ಮೂರು ಭಾನುವಾರ ಕಾರ್ ರೇಸಿನ ಆಟದಲ್ಲಿ ಸೋಲಿಸಿದ. ಅದೂ ಅವರದೇ ನಡುಮನೆಯಲ್ಲಿ, ಅವರದೇ ಊಟದ ಮೇಜಿಗೆ ಆಟದ ಸ್ಟೀರಿಂಗ್ ಬಿಗಿದು. ಸೋಲನ್ನಾದರೂ ನುಂಗಿಕೊಳ್ಳಬಹುದಿತ್ತು. ಆತ ಹೋಗುವಾಗ ಚಪ್ಪಲಿ ಮೆಟ್ಟುತ್ತ ಒಂದು ಮಾತು ಬಿಟ್ಟು ಹೋದ.

"ಭಾವ, ನಿಮಗೆ ಎಲ್ಲಾ ಬರತ್ತೆ. ಬ್ರೇಕ್ ಹಾಕೋದೊಂದು ಬರಲ್ಲ."

ಮೇಸ್ತ್ರಿಗಳು ಅವನನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದರು. ದೋಷ ತಮ್ಮ ಕಾಲಿನದಲ್ಲ, ಆಟದ ಕಾರಿನ ಬ್ರೇಕ್ ಬ್ಯಾಲೆನ್ಸಿನದು ಎಂದು ವಾದಿಸಿದರು. ಪೆಡಲ್ ಒತ್ತಿದಾಗ ಮುಂದಿನ ಚಕ್ರಕ್ಕೆಷ್ಟು ಹಿಡಿತ, ಹಿಂದಿನದಕ್ಕೆಷ್ಟು ಎಂಬ ಪಾಲು ಸರಿಯಿಲ್ಲ, ಅದಕ್ಕೇ ಮೂರನೇ ತಿರುವಿನಲ್ಲಿ ಕಾರು ತಿರುಗದೆ ನೆಟ್ಟಗೆ ಹುಲ್ಲಿಗೆ ಹೋಗುತ್ತದೆ ಎಂದರು. ಅದನ್ನು ಬದಲಿಸಿಕೊಳ್ಳಲು ಆಟದಲ್ಲೇ ಅವಕಾಶವಿದೆ, ಧಾರಾಳವಾಗಿ ಬದಲಿಸಿಕೊಳ್ಳಿ ಎಂದ ಭಾವಮೈದುನ. ಮುಂದಿನ ಭಾನುವಾರ ಒಂದು ಸುತ್ತಿಗೆ ಒಂದು ನಿಮಿಷ ನಲವತ್ತೆರಡು ಸೆಕೆಂಡಿನ ತನ್ನ ದಾಖಲೆಯನ್ನು ಮುರಿದು ತೋರಿಸಬೇಕು, ಮೂರು ಅವಕಾಶ ಎಂದು ಪಂದ್ಯ ಕಟ್ಟಿದ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಮಗ್ಗುಲ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ ನಿಂತಿತು.

"ರೀ, ಸೋತ್ರೆ ನಾನು ಕಾರ್ ಓಡಿಸುವಾಗ ನೀವು ಹಿಂದಿನ ಸೀಟು. ಬಾಯಿ ಮುಚ್ಕೊಂಡು. ಒಂದು ವರ್ಷ."

ಹೊಲಿಗೆಯಾಕೆ ಕಾರು ಓಡಿಸಲು ಕಲಿತು ಹನ್ನೊಂದು ವರ್ಷವಾಗಿತ್ತು. ಅಷ್ಟೂ ವರ್ಷ ಮೇಸ್ತ್ರಿಗಳು ಪಕ್ಕದ ಸೀಟಿನಲ್ಲಿ ಕೂತು "ಬ್ರೇಕು, ಬ್ರೇಕು" ಎಂದು ರಾಜ್ಯಭಾರ ಮಾಡಿದ್ದರು. ಮನೆಯಲ್ಲಿ ಅವರ ಮಾತು ನಡೆಯುತ್ತಿದ್ದ ಏಕೈಕ ಜಾಗ ಅದು. (ನಡೆಯುತ್ತಿರಲಿಲ್ಲ, ಆಡಲಿಕ್ಕಾದರೂ ಆಕೆ ಬಿಡುತ್ತಿದ್ದಳು.) ಅದು ಹೋದರೆ ತಮ್ಮದೆಂಬುದು ಏನೂ ಉಳಿಯದು ಎಂದು ಗೊತ್ತಿದ್ದರೂ, ಭಾವಮೈದುನನ ಮುಂದೆ ಹಿಂಜರಿಯುವಂತಿರಲಿಲ್ಲ. ಆಗಲಿ ಎಂದುಬಿಟ್ಟರು.

ಸೋಮವಾರ ಸಂಜೆಯಿಂದ ರಿಪೇರಿ ಶುರುವಾಯಿತು. ಡಿಪೋದಲ್ಲಿ ಬ್ರೇಕ್ ಸರಿಮಾಡುವವನು ಪೆಡಲ್ ಮುಟ್ಟುವುದಿಲ್ಲ. ಮೇಲೆ ಒಬ್ಬ ಕೂತು ಒತ್ತಬೇಕು, ಮೇಸ್ತ್ರಿ ಬಸ್ಸಿನಡಿ ಮಲಗಿ ನೋಡಬೇಕು, ಕೇಳಬೇಕು, ಸ್ಪ್ಯಾನರ್ ತಿರುಗಿಸಬೇಕು. ಅವರಿಗೆ ಬೇರೆ ಕ್ರಮ ಗೊತ್ತಿರಲಿಲ್ಲ. ಹೆಂಡತಿಯನ್ನು ಕರೆದು ಸ್ಟೀರಿಂಗ್ ಹಿಂದೆ ಕೂರಿಸಿದರು. ತಾವು ಕುರ್ಚಿಯ ಹಿಂದೆ ಕೈಕಟ್ಟಿ ನಿಂತು, ಕಣ್ಣುಮುಚ್ಚಿ, ಟೈರಿನ ಕೀರಲು ಸದ್ದಿಗೆ ಕಿವಿಗೊಟ್ಟು "ಒತ್ತು... ಬಿಡು..." ಎಂದು ಹೇಳತೊಡಗಿದರು.

ನೂರರಲ್ಲಿ ಮುಂದಕ್ಕೆ ಐವತ್ತೆಂಟು ಪಾಲು ಇದ್ದಾಗ ಕಾರು ಹುಲ್ಲಿಗೆ ಹೋಯಿತು. ಐವತ್ತಾರರಲ್ಲಿ ಅರೆಮನಸ್ಸಿನಿಂದ ತಿರುಗಿತು. ಶುಕ್ರವಾರ ಐವತ್ನಾಲ್ಕಕ್ಕೆ ತಂದಾಗ ತಿರುವಿನೊಳಕ್ಕೆ ಸದ್ದಿಲ್ಲದೆ ಇಳಿಯಿತು. ಹೊಲಿಗೆ ಯಂತ್ರ ತುಳಿದು ಪಳಗಿದ ಕಾಲು ಅದು, ಬೇಕಾದ ಟಾಕಿಗೇ ಸೂಜಿ ನಿಲ್ಲಿಸುವಂಥದ್ದು, ಪೆಡಲನ್ನು ಒತ್ತಿದ್ದೂ ಗೊತ್ತಾಗುತ್ತಿರಲಿಲ್ಲ. ಮೇಸ್ತ್ರಿಗಳು ಮಾತ್ರ ಎಲ್ಲ ತಮ್ಮ ಕೈಚಳಕವೆಂದುಕೊಂಡು, ಕ್ಯಾಲೆಂಡರಿನ ಮೇಲೆ ಅಂಕಿ ಬರೆದು "ಪರೀಕ್ಷಿಸಲಾಗಿದೆ" ಎಂದು ರುಜು ಹಾಕಿದರು. ನೀವೂ ಒಂದು ಸುತ್ತು ಓಡಿಸಿ ನೋಡಬಾರದೇ ಎಂದು ಆಕೆ ಕೇಳಿದ್ದುಂಟು. ಸರಿಮಾಡಿದವನು ಓಡಿಸಿ ನೋಡುವ ಪದ್ಧತಿ ಡಿಪೋದಲ್ಲಿಲ್ಲ ಎಂದು ಉತ್ತರ ಬಂತು.

ಭಾನುವಾರ ಭಾವಮೈದುನ ಅಂಕಿ ನೋಡಿ, ಹಿಂದಕ್ಕೆ ಸ್ವಲ್ಪ ಜಾಸ್ತಿಯಾಯಿತೇನೋ ಎಂದ. ಮೇಸ್ತ್ರಿಗಳು ಅವನತ್ತ ಕನಿಕರದಿಂದ ನೋಡಿ ಕೂತರು. ಮೂರನೇ ತಿರುವು ಬಂತು. ಹನ್ನೊಂದು ವರ್ಷ ಪಕ್ಕದ ಸೀಟಿನ ಮ್ಯಾಟನ್ನು ಒದ್ದು ರೂಢಿಯಾದ ಕಾಲು ಪೆಡಲಿನ ಮೇಲೆ ಧೊಪ್ಪನೆ ಬಿತ್ತು. ಓಡಿಸುತ್ತಿರುವವರು ಯಾರೆಂದು ನೋಡಲು ಕಾರಿನ ಹಿಂಭಾಗ ಮುಂದಕ್ಕೇ ಬಂತು. ಎರಡನೇ ಸಲವೂ ಹಾಗೇ ಆಯಿತು. ಮೂರನೇ ಸಲ ಗರಗರ ಸುತ್ತಿ, ಬಂದ ದಾರಿಗೇ ಮುಖಮಾಡಿ ನಿಂತಿತು.

ಯಾರೋ ಅಂಕಿ ಬದಲಿಸಿದ್ದಾರೆ ಎಂದು ಮೇಸ್ತ್ರಿಗಳು ಬಾಯಿ ತೆರೆಯುವಷ್ಟರಲ್ಲಿ ಹೊಲಿಗೆಯಾಕೆ ಅವರನ್ನು ಎಬ್ಬಿಸಿ ತಾನು ಕೂತಳು. ಒಂದು ನಿಮಿಷ ನಲವತ್ತು ಸೆಕೆಂಡು.

"ಈ ಬ್ಯಾಲೆನ್ಸ್ ಮಾಡಿದ್ದು ಯಾರಕ್ಕಾ?" ಎಂದ ತಮ್ಮ.

ಮೇಸ್ತ್ರಿಗಳು ಸಂಕಟಕ್ಕೆ ಬಿದ್ದರು. ತಾನೆಂದರೆ ಕಾಲು ಕೆಟ್ಟದ್ದೆಂದು ಒಪ್ಪಿದಂತೆ, ತಾನಲ್ಲವೆಂದರೆ ಇಪ್ಪತ್ತಾರು ವರ್ಷದ ಕೈ ಹೋದಂತೆ. ನಾಚಿಕೆಯೂ ಇತ್ತು, ಹೆಮ್ಮೆಯೂ ಇತ್ತು. ಹೆಮ್ಮೆಯೇ ಗೆದ್ದಿತು.

"ನಾನೇ."

"ಹಾಗಾದ್ರೆ ಬ್ಯಾಲೆನ್ಸಲ್ಲಿ ಏನೂ ತಪ್ಪಿಲ್ಲ."

"ಕೂದಲೆಳೆಯಷ್ಟೂ ಇಲ್ಲ," ಎಂದರು ಮೇಸ್ತ್ರಿಗಳು. ತಮ್ಮ ವಿರುದ್ಧ ತೀರ್ಪು ಕೊಟ್ಟವರು ತಾವೇ ಎಂಬುದು ಹೇಳಿ ಮುಗಿಸಿದ ಮೇಲೆ ಹೊಳೆಯಿತು.

ಸಂಜೆ ತಮ್ಮನನ್ನು ಅವನ ಮನೆಗೆ ಬಿಟ್ಟುಬರಲು ಆಕೆ ಕಾರು ತೆಗೆದಳು. ಮೇಸ್ತ್ರಿಗಳು ಸುಮ್ಮನೆ ಹಿಂದಿನ ಬಾಗಿಲು ತೆರೆದು ಕೂತರು. ಖಾಲಿಯಾದ ಪಕ್ಕದ ಸೀಟಿನಲ್ಲಿ ಭಾವಮೈದುನ ಕಾಲು ಚಾಚಿದ. ಬೀದಿಯ ಮೂಲೆ ಬರುತ್ತಿದ್ದಂತೆ, "ಅಕ್ಕಾ, ಬ್ರೇಕು," ಎಂದ.

"ಹೂಂ ಕಣೋ," ಎಂದು ಆಕೆ ಅಕ್ಕರೆಯಿಂದ ಬ್ರೇಕು ಒತ್ತಿದಳು.