ಮಿಕ್ಸಿಂಗ್ ರೂಮಿನಲ್ಲಿ ನಮ್ಮ ಯಜಮಾನರು

ನಗಬಾರದ ಜಾಗದಲ್ಲೇ ನಗು ಬರೋದು ನನ್ನ ಹಣೇಲಿ ಬರೆದಿದೆಯೋ ಏನೋ. ಸಾವಿನ ಮನೇಲೂ ಬಂದಿದೆ, ಗುಡಿಯೊಳಗೂ ಬಂದಿದೆ. ಆದರೆ ಉಪ್ಪಾರಹಳ್ಳಿಯಲ್ಲಿದ್ದ ನಮ್ಮ ತಂಗಿ ಮಗನ ವಿಡಿಯೋ ಮಿಕ್ಸಿಂಗ್ ರೂಮಲ್ಲಿ ಬಂದಷ್ಟು ಬೇರೆಲ್ಲೂ ಬಂದಿಲ್ಲ. ಅಲ್ಲಿಗೆ ನಾನು ಹೋಗ್ತಿದ್ದದ್ದು ಅಳೋದಕ್ಕೆ.

ನಮ್ಮ ಯಜಮಾನರು ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದಿದ್ದು ಅವರದೊಂದೇ ಫೋಟೋ. ರೇಷನ್ ಕಾರ್ಡಿಗೆ ತೆಗೆಸಿದ್ದು. ಅದನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದ್ದೆವು. ಸೀಮೆಎಣ್ಣೆ ಮುಗಿದೋಯ್ತು ಅಂತ ಡಿಪೋದವನು ಅಂದಾಗ ಮುಖ ಹೇಗಾಗುತ್ತೆ, ಹಾಗಿತ್ತು ಅದರಲ್ಲಿ. ಅವರ ಮುಖ ಹಾಗಲ್ಲ. ಮಾತಾಡುವಾಗ ಎಡಗಡೆ ಹುಬ್ಬು ಒಂದೇ ಮೇಲಕ್ಕೆ ಹೋಗೋದು. ಆ ಹುಬ್ಬನ್ನ ಇನ್ನೊಂದು ಸಲ ನೋಡಬೇಕು ಅನ್ನಿಸ್ತು. ಅಷ್ಟೇ ನನ್ನ ಆಸೆ.

ನಂಟರ ಮದುವೆಗಳಲ್ಲಿ ಊಟದ ಪಂಕ್ತಿ ನೋಡಿಕೊಳ್ಳೋರು ಅವರೇ. ಯಾವ ಊರಲ್ಲಿ ಮದುವೆಯಾದರೂ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟುಬಿಡೋರು. ಮೈಯಲ್ಲಿ ಸಕ್ಕರೆ ಕಾಯಿಲೆ ಇಟ್ಟುಕೊಂಡು ಹೋಳಿಗೆಗೆ ಕಾವಲು! "ಒಂದು ಚೂರೂ ಬಾಯಿಗಿಟ್ಟಿಲ್ಲ ಕಣೇ" ಅನ್ನೋರು. ತಿಂದಿದ್ದ ದಿನ ನನಗೆ ಗೊತ್ತಾಗಿಬಿಡೋದು. ಅವತ್ತು ಮುಖ ತೋರಿಸ್ತಿರಲಿಲ್ಲ. ನನ್ನ ಕಡೆ ಬೆನ್ನು ಮಾಡಿಕೊಂಡೇ ಒಳಗೆ ಬಂದು, ಗೋಡೆ ಸವರಿಕೊಂಡು ಹಿತ್ತಲ ನಲ್ಲಿಗೆ ಹೋಗಿ ಬಾಯಿ ತೊಳೆಯೋರು.

ಆ ಮದುವೆಗಳಿಗೆಲ್ಲ ವಿಡಿಯೋ ನಮ್ಮ ತಂಗಿ ಮಗನದೇ. ಶೂಟಿಂಗ್ ಆದಮೇಲೆ ಹಾಡು ಸೇರಿಸಿ, ಹೂವು ಉದುರಿಸಿ, ಮದುಮಕ್ಕಳನ್ನ ಗಿರಗಿರ ತಿರುಗಿಸಿ ಕೊಡೋದಕ್ಕೆ ಮಿಕ್ಸಿಂಗ್ ಅಂತಿದ್ದರು. ಆ ಹೂವು ಗೀವು ಎಲ್ಲಕ್ಕೂ ಎಫೆಕ್ಟು ಅಂತ ಹೆಸರು. "ನಿಮ್ಮ ದೊಡ್ಡಪ್ಪ ಯಾವ ಮದುವೇಲಾದರೂ ಇದ್ದೇ ಇರ್ತಾರೆ, ಹುಡುಕಿಕೊಡಪ್ಪ" ಅಂತ ಹೋಗಿ ಅವನ ಪಕ್ಕ ಕೂತೆ.

ಗುಬ್ಬಿಯ ಹೃದಯ

ಮೊದಲು ಹಾಕಿದ್ದು ಗುಬ್ಬಿಯಲ್ಲಿ ನಡೆದ ನಮ್ಮ ನಾದಿನಿ ಮಗಳ ಮದುವೆ. ಮುಹೂರ್ತದ ಹೊತ್ತಿಗೆ ಅಕ್ಷತೆ ತಟ್ಟೆ ಹಿಡಿದು ಯಜಮಾನರು ಮಂಟಪದ ಪಕ್ಕಕ್ಕೆ ಬಂದರು. ಟವೆಲ್ ಕಂಡಿತು, ಭುಜ ಕಂಡಿತು. ಇನ್ನೇನು ಮುಖ ಬರಬೇಕು, ಟಪ್ ಅಂತ ಒಂದು ಕೆಂಪು ಹೃದಯ ಬಂದು ಕೂತಿತು. ಹೃದಯದ ಒಳಗೆ ಗಂಡು, ಹೆಣ್ಣು. ಹೊರಗೆಲ್ಲ ಕತ್ತಲು.

"ಹೃದಯನ ಒಂಚೂರು ದೊಡ್ಡದು ಮಾಡೋ" ಅಂದೆ.

"ಆಗಲ್ಲ ದೊಡ್ಡಮ್ಮ, ಕ್ಯಾಸೆಟ್ಟಿಗೆ ಕೂತೋಗಿದೆ. ಕಲಸಿದ ಹಿಟ್ಟಿಂದ ಉಪ್ಪು ಆರಿಸೋಕಾಗುತ್ತಾ?"

"ಹಂಗಾದ್ರೆ ಕಲಸೋಕೆ ಮುಂಚಿಂದು ಹಾಕು."

ಅವನು ತಲೆ ಕೆರೆದುಕೊಂಡ. ಆ ಕ್ಯಾಸೆಟ್ಟಿನ ಮೇಲೆ ಆಮೇಲೆ ಯಾರದೋ ಗೃಹಪ್ರವೇಶ ತೆಗೆದಿದ್ದನಂತೆ. ಹಾಕಿ ನೋಡಿದರೆ ಯಜಮಾನರು ಇರಬೇಕಾದ ಜಾಗದಲ್ಲಿ ಒಂದು ಹಸು ಹೊಸ್ತಿಲು ದಾಟ್ತಾ ಇತ್ತು.

ತಿರುಗಿ ಹೃದಯವನ್ನೇ ಹಾಕಿಸಿ ಕಣ್ಣು ಕಿರಿದು ಮಾಡಿ ನೋಡಿದೆ. ಅದರ ಅಂಚಿನೊಳಗೆ ಒಂದು ಮೊಣಕೈ ತೂರಿಕೊಂಡು ಬಂದಿತ್ತು. ಅವರದೇ. ಬಸ್ಸಲ್ಲೂ ಹಾಗೇ, ಸೀಟಲ್ಲಿ ಜಾಗ ಇಲ್ಲದಿದ್ದರೆ ಮೊದಲು ಮೊಣಕೈ ಇಟ್ಟುಬಿಡೋರು.

ಕೈ ಹಿಡಿದು ಬಂದ ಗುಲಾಬಿ

ಎರಡನೇದು ಕುಣಿಗಲ್ ಮದುವೆ. ನಮ್ಮ ಕಡೆ ಮದುಮಗಳನ್ನ ಮಂಟಪಕ್ಕೆ ಕರೆದುಕೊಂಡು ಬರೋನು ಸೋದರಮಾವ. ಆ ಮದುವೆ ಆಗಿ, ಕ್ಯಾಸೆಟ್ಟು ಇನ್ನೂ ಮಿಕ್ಸಿಂಗಲ್ಲಿರುವಾಗಲೇ ಜಗಳ ಬಂತು. ಬೀಗರ ಊಟಕ್ಕೆ ಸರಿಯಾಗಿ ಕರೆಯಲಿಲ್ಲ ಅಂತ ಆ ಸೋದರಮಾವ ಹೆಣ್ಣಿನ ಅಪ್ಪನ ಮುಖಕ್ಕೇ ಬೈದು ಹೋಗಿದ್ದ. ಹೆಣ್ಣಿನ ಅಪ್ಪ ಉಪ್ಪಾರಹಳ್ಳಿಗೆ ಓಡಿ ಬಂದರಂತೆ.

"ಆ ನನ್ನ ಭಾಮೈದನ ಮೋರೆ ನಮ್ಮ ಕ್ಯಾಸೆಟ್ಟಲ್ಲಿ ಕಾಣಬಾರ್ದು. ಕತ್ತರಿಸಾಕು."

"ಅವರನ್ನ ಕತ್ತರಿಸಿದ್ರೆ ನಿಮ್ಮ ಮಗಳೂ ಹೋಗ್ತಾಳೆ ಸ್ವಾಮಿ. ಕೈ ಹಿಡ್ಕೊಂಡವ್ರೆ."

"ಹಂಗಾದ್ರೆ ಅವನ ಮೇಲೆ ಏನಾದ್ರೂ ಹಾಕಿ ಮುಚ್ಚು."

ಇವನ ಹತ್ತಿರ ಇದ್ದದ್ದು ಗುಲಾಬಿ. ಸೋದರಮಾವ ಎಲ್ಲೆಲ್ಲಿ ಬರ್ತಾನೋ ಅಲ್ಲೆಲ್ಲ ಒಂದು ಗುಲಾಬಿ ಅರಳಿಸಿದ. ನಾನು ನೋಡಿದಾಗ, ತಲೆ ಬಗ್ಗಿಸಿಕೊಂಡ ಮದುಮಗಳನ್ನ ಆಳೆತ್ತರದ ಗುಲಾಬಿಯೊಂದು ಕೈ ಹಿಡಿದು ಮಂಟಪಕ್ಕೆ ಕರೆದುಕೊಂಡು ಬಂತು. ಆಮೇಲೆ ಪಂಕ್ತಿ. ಎಲೆ ಮುಂದೆ ಗುಲಾಬಿ ಕೂತಿದೆ, ಹೂವಿನೊಳಗಿಂದ ಒಂದು ಕೈ ಹೊರಗೆ ಬಂದು ಅನ್ನ ಕಲಸಿ ಮತ್ತೆ ಒಳಗೆ ಹೋಗುತ್ತೆ. ಅಷ್ಟರಲ್ಲಿ ಯಜಮಾನರು ತುಪ್ಪದ ಗಿಂಡಿ ಹಿಡಿದು ಬಂದರು. ನಾನು ಪರದೆ ಹತ್ತಿರಕ್ಕೆ ಸರಿದೆ. ಸೋದರಮಾವನಿಗೆ ತುಪ್ಪ ಬಡಿಸೋಕೆ ಬಗ್ಗಿದರು. ಬಗ್ಗಿದವರು ಹೂವಿನೊಳಗೆ ಹೋದರು.

"ಅಷ್ಟು ದೊಡ್ಡ ಹೂವು ಯಾಕೋ ಹಾಕ್ದೆ?" ಅಂತ ಕೇಳಿದೆ.

"ಏನ್ ಮಾಡ್ಲಿ ದೊಡ್ಡಮ್ಮ, ಅವ್ರಿಗೆ ಕೋಪ ಅಷ್ಟಿತ್ತು."

ಕೆಲವು ದಿನಕ್ಕೆ ಭಾವ, ಭಾಮೈದ ರಾಜಿಯಾಗಿ ಇಬ್ಬರೂ ಒಟ್ಟಿಗೆ ಬಂದರಂತೆ, ಹೂವು ತೆಗಿ ಅಂತ. ತೆಗೆಯೋಕೆ ಬರಲಿಲ್ಲ. ಜಗಳ ಹೋಯ್ತು, ಗುಲಾಬಿ ಉಳೀತು. ಊರವರು ಕ್ಯಾಸೆಟ್ಟು ನೋಡಿ, "ಭಾಮೈದ ಅಂದ್ರೆ ಏನ್ ಪ್ರೀತಿ ನೋಡು, ಹೂವಲ್ಲೇ ಮುಚ್ಚಾಕವ್ನೆ" ಅಂದರಂತೆ.

ಹಿಮದಲ್ಲಿ ಬೆವರು

ಇದು ನಮ್ಮ ನಂಟರದ್ದಲ್ಲ. ಅಷ್ಟು ಹೊತ್ತಿಗೆ ಕಂಪ್ಯೂಟರ್, ಸೀಡಿ ಬಂದಿದ್ದವು. ಹುಲಿಯೂರುದುರ್ಗದ ಗಂಡು ಹೆಣ್ಣನ್ನ ಬೇಸಿಗೆ ಬಿಸಿಲಲ್ಲಿ ನೀಲಿ ಬಟ್ಟೆ ಮುಂದೆ ನಿಲ್ಲಿಸಿ ತೆಗೆದು, ಹಿಂದುಗಡೆ ಹಿಮದ ಬೆಟ್ಟ ಕೂರಿಸಿದ್ದ ನಮ್ಮ ತಂಗಿ ಮಗ. ಸೀಡಿ ಹೆಣ್ಣಿನ ಮನೆಗೆ ಹೋಯ್ತು. ನಾನು ಅಲ್ಲಿ ಕೂತಿದ್ದ ದಿನವೇ ಹೆಣ್ಣಿನ ಅಜ್ಜಿ ಏದುಸಿರು ಬಿಡ್ತಾ ಬಂತು.

"ಏನಪ್ಪಾ, ಆಪಾಟಿ ಹಿಮ ಸುರೀತಾ ಐತೆ, ನಮ್ ಹುಡುಗಿ ಆರಾಮಾಗವ್ಳೆ. ಗಂಡು ಮಾತ್ರ ಕರ್ಚೀಫಲ್ಲಿ ಬೆವರು ಒರೆಸ್ಕೊಂಡೇ ನಿಂತವ್ನೆ. ಏನ್ ಕಾಯಿಲೆ ಅವನಿಗೆ? ನಮಗ್ಯಾಕೆ ಮುಚ್ಚಿಟ್ರು?"

ಅದು ನಿಜವಾದ ಹಿಮ ಅಲ್ಲ, ಕಂಪ್ಯೂಟರಲ್ಲಿ ಹಾಕಿದ್ದು ಅಂತ ಇವನು ತೋರಿಸಿ ತೋರಿಸಿ ಹೇಳಿದ. ಅಜ್ಜಿ ಎಲ್ಲ ಕೇಳಿಸಿಕೊಂಡು, "ಹಿಮ ಸುಳ್ಳಾಗ್ಲಿ ಬುಡು. ಬೆವರು ನಿಜ ತಾನೆ?" ಅಂತು.

ತಿರುಗುವ ಫೋಟೋ

ಯಾರನ್ನ ಎಲ್ಲಿ ಬೇಕಾದರೂ ನಿಲ್ಲಿಸಬಹುದು ಅಂತ ಗೊತ್ತಾದ ಮೇಲೆ ಅವನೇ ಒಂದು ಉಪಾಯ ಹೇಳಿದ. "ದೊಡ್ಡಮ್ಮ, ಆ ರೇಷನ್ ಕಾರ್ಡ್ ಫೋಟೋನೇ ಕೊಡಿ, ಓಡಾಡೋ ಹಾಗೆ ಮಾಡ್ತೀನಿ." ಹಾರ ತೆಗೆದು, ಒರೆಸಿ, ತಗೊಂಡು ಹೋಗಿ ಕೊಟ್ಟೆ.

ಪರದೆಯ ಮೂಲೆಯಿಂದ ನಮ್ಮ ಯಜಮಾನರ ಮುಖ ಸಣ್ಣದಾಗಿ ಹೊರಟಿತು. ಬುಗುರಿ ತಿರುಗಿದ ಹಾಗೆ ತಿರುಗ್ತಾ ತಿರುಗ್ತಾ ದೊಡ್ಡದಾಗಿ, ನಡುವೆ ನಿಂತು, ಮತ್ತೆ ತಿರುಗ್ತಾ ಆ ಮೂಲೆಗೆ ಹೋಯ್ತು. ಸೀಮೆಎಣ್ಣೆ ಸಿಗದ ಮುಖ ಹಾಗೇ ಇತ್ತು. ಹುಬ್ಬು ಒಂದಿಷ್ಟೂ ಅಲ್ಲಾಡಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು.

"ಯಾಕೆ ದೊಡ್ಡಮ್ಮ, ಚೆನ್ನಾಗಿಲ್ವಾ?"

"ನಿಲ್ಲಿಸಪ್ಪ. ನಿಮ್ಮ ದೊಡ್ಡಪ್ಪನಿಗೆ ಕುಣಿಗಲ್ ಬಸ್ ಹತ್ತಿದ್ರೇ ವಾಂತಿ ಆಗೋದು."

ಯಡಿಯೂರಿನಿಂದ ವಾಪಸ್

ಆಮೇಲೆ ನಾನು ಆಸೆ ಬಿಟ್ಟಿದ್ದೆ. ಒಂದು ದಿನ ಅವನೇ ಹೇಳಿ ಕಳಿಸಿದ. ಯಡಿಯೂರಲ್ಲಿ ನಡೆದ ಒಂದು ಮದುವೆಗೆ ಎರಡು ಕ್ಯಾಮೆರಾ ಇಟ್ಟಿದ್ದರಂತೆ. ಊಟದ ಮನೆಯ ಕ್ಯಾಸೆಟ್ಟು ಮಿಕ್ಸಿಂಗಿಗೆ ಬೇಕಾಗದೆ ಕಪಾಟಿನ ಹಿಂದೆ ಬಿದ್ದಿತ್ತು. ಹೃದಯ ಇಲ್ಲ, ಗುಲಾಬಿ ಇಲ್ಲ, ಹಿಮ ಇಲ್ಲ.

ಅವರಿದ್ದರು. ತಲೆಯಿಂದ ಕಾಲವರೆಗೆ ಪೂರ್ತಿ. ಆದರೆ ಕ್ಯಾಮೆರಾ ಅವರನ್ನ ಹಿಡಿದಿದ್ದು ಹೊರಡೋವಾಗ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, ನಮ್ಮ ಕಡೆ ಬೆನ್ನು ಮಾಡಿ, ಬಾಗಿಲು ದಾಟಿ, ಗೇಟಿನ ಕಡೆ ನಡೆದುಕೊಂಡು ಹೋದರು. "ಒಂದ್ಸಲ ತಿರುಗ್ರೀ" ಅಂತ ನಾನು ಪರದೆಗೇ ಹೇಳಿದೆ. ತಿರುಗಲಿಲ್ಲ. ಗೇಟಿನಾಚೆ ಬಿಸಿಲಲ್ಲಿ ಸಣ್ಣದಾಗಿ, ಸಣ್ಣದಾಗಿ, ಕಾಣದೆ ಹೋದರು. ಕ್ಯಾಸೆಟ್ಟು ಮುಗೀತು.

ನಾನು ಸೆರಗಲ್ಲಿ ಕಣ್ಣೊರೆಸಿಕೊಂಡೆ.

ಅವನು, "ದೊಡ್ಡಮ್ಮ, ರಿವರ್ಸ್ ಅಂತ ಒಂದು ಎಫೆಕ್ಟಿದೆ. ಹೋದವರು ವಾಪಸ್ ಬರ್ತಾರೆ. ಹಾಕ್ಲಾ?" ಅಂದ.

"ಹಾಕಪ್ಪ."

ಗೇಟಿನಾಚೆ ಬಿಸಿಲಲ್ಲಿ ಒಂದು ಚುಕ್ಕಿ ಕಂಡಿತು. ಅದು ಟವೆಲ್ ಆಯ್ತು, ಬೆನ್ನಾಯ್ತು. ಹಿಮ್ಮುಖವಾಗಿ ಒಂದೊಂದೇ ಹೆಜ್ಜೆ ಇಡ್ತಾ ಗೇಟು ದಾಟಿದರು, ಬಾಗಿಲು ದಾಟಿದರು. ಬೆನ್ನು ತೋರಿಸಿಕೊಂಡೇ, ಮುಖ ಮಾತ್ರ ಕಾಣಿಸದ ಹಾಗೆ, ನನ್ನ ಹತ್ತಿರಕ್ಕೇ ಬಂದರು.

ಆ ನಡಿಗೆ ನನಗೆ ಗೊತ್ತಿಲ್ಲವೇ? ತಂಗಿ ಮಗ ಪಕ್ಕದಲ್ಲಿ ಕೂತಿದಾನೆ ಅನ್ನೋದೇ ಮರೆತುಹೋಯ್ತು. ಮನೇಲಿ ಗದರ್ತಿದ್ದ ಹಾಗೇ ಗದರಿಬಿಟ್ಟೆ:

"ರೀ, ಎಷ್ಟು ಹೋಳಿಗೆ ತಿಂದ್ರಿ?"